ಚಳಿ ಕಾಣದ ಕೋಸು

ಮಾಲೂರು ಕಡೆಯ ಹಿರಿಯ ಬೆಳೆಗಾರರೊಬ್ಬರು ಹೋದ ವರ್ಷ ಆರು ಎಲೆಕೋಸುಗಳನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು. ಬದನೆಯಲ್ಲಿ, ಅವರೆಯಲ್ಲಿ ಮಾಡಿಕೊಂಡಂತೆ ಇದರಲ್ಲೂ ಮನೆಬೀಜ ಮಾಡಿಕೊಳ್ಳುವ ಆಸೆ. ಸಂಕ್ರಾಂತಿ ಕಳೆಯಿತು, ಶಿವರಾತ್ರಿ ಬಂತು. ಗಡ್ಡೆಗಳು ಬಿರಿದವು, ಬಿರುಕಿನಲ್ಲಿ ನೀರು ನಿಂತು ಎರಡು ಕೊಳೆತವು. ಹೂವಿನ ದಂಟು ಮಾತ್ರ ಏಳಲಿಲ್ಲ. ಉಳಿದವನ್ನು ಯುಗಾದಿಗೆ ಮುಂಚೆ ಕಿತ್ತು ದನಕ್ಕೆ ಹಾಕಿದರಂತೆ. "ನೀವು ಬೀಜದ ಕೆಲಸದವರು, ನಿಜ ಹೇಳಿ ಸಾರ್. ಬೀಜ ಕಟ್ಟದ ಹಾಗೆ ಕಂಪನಿಯವರು ಏನೋ ಮಾಡಿಟ್ಟಿದ್ದಾರೆ ಅಲ್ಲವೇ?" ಎಂದು ಕೇಳಿದರು.

ತರಕಾರಿ ಬೀಜೋತ್ಪಾದನೆಯಲ್ಲಿ ತೊಡಗಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ಹತ್ತು ಗ್ರಾಮಿನ ಪೊಟ್ಟಣದಲ್ಲಿ ಹೆಚ್ಚು ಕಡಿಮೆ ಮೂರು ಸಾವಿರ ಬೀಜ. ಪ್ರತಿ ಸಲವೂ ಅಂಗಡಿಗೇ ಹೋಗಬೇಕು ಎಂದರೆ ಅನುಮಾನ ಹುಟ್ಟುವುದು ಸಹಜ. ಆದರೆ ಆ ಆರು ಗಿಡಗಳ ಮಟ್ಟಿಗೆ ಹೂವನ್ನು ತಡೆದದ್ದು ಮಾಲೂರಿನ ಹವೆ.

ಎಲೆಕೋಸು ಮೂಲದಲ್ಲಿ ಯುರೋಪಿನ ಚಳಿಸೀಮೆಯ, ಎರಡು ವರ್ಷದ ಗಿಡ. ಮೊದಲ ವರ್ಷ ಎಲೆ ಸುತ್ತಿ ಆಹಾರ ಕೂಡಿಡುತ್ತದೆ. ಚಳಿಗಾಲ ಕಳೆದ ಮೇಲೆ, ಎರಡನೆಯ ವರ್ಷದ ವಸಂತದಲ್ಲಿ ಹೂ ಬಿಡುತ್ತದೆ. ಚಳಿಗೆ ಮುಂಚೆಯೇ ಅರಳಿದರೆ ಹೂವು ಮಂಜಿಗೆ ಸುಟ್ಟುಹೋಗುತ್ತದೆ. ಅದಕ್ಕಾಗಿ ಗಿಡ ತನ್ನೊಳಗೇ ಒಂದು ತಡೆ ಇಟ್ಟುಕೊಂಡಿದೆ. ಎಫ್‌ಎಲ್‌ಸಿ ಎಂಬ ಜೀನ್ ಹೂ ಬಿಡುವುದನ್ನು ಹಿಡಿದಿಟ್ಟಿರುತ್ತದೆ. ವಾರಗಟ್ಟಲೆ ಚಳಿ ತಗುಲಿದಾಗ ಅದು ಮೆಲ್ಲಮೆಲ್ಲನೆ ಬಾಯಿ ಮುಚ್ಚುತ್ತದೆ. ವರ್ನಲೈಸೇಷನ್ ಎನ್ನುವುದು ಇದನ್ನೇ. ಎಳೆ ಸಸಿಗೆ ಚಳಿ ಕೊಟ್ಟರೆ ಲೆಕ್ಕಕ್ಕಿಲ್ಲ. ಕಾಂಡ ಪೆನ್ಸಿಲ್ ಗಾತ್ರಕ್ಕಾದರೂ ಬಲಿತಿರಬೇಕು, ಆಮೇಲೆ ಸುಮಾರು 4ರಿಂದ 10 ಡಿಗ್ರಿಯ ಚಳಿ ಆರೆಂಟು ವಾರ ಸಿಗಬೇಕು. ಬೆಂಗಳೂರಿನ ಹವಾಮಾನ ದಾಖಲೆಯಲ್ಲಿ ಅತಿ ಕಡಿಮೆ ಉಷ್ಣಾಂಶವೆಂದರೆ 1884ರ ಜನವರಿಯ 7.8 ಡಿಗ್ರಿ. ಅಂಥ ಒಂದು ರಾತ್ರಿಯಿಂದ ಕೋಸಿಗೆ ಏನೂ ಆಗುವುದಿಲ್ಲ, ಅದಕ್ಕೆ ಬೇಕಾದದ್ದು ಸತತ ಚಳಿ. ನಮ್ಮ ಮಾಗಿ ನಮ್ಮನ್ನು ನಡುಗಿಸೀತು, ಕೋಸನ್ನಲ್ಲ.

ಹಾಗಾಗಿಯೇ ಕೋಸಿನ ಬೀಜ ಹಿಮಾಚಲ ಪ್ರದೇಶದ ಕುಲು ಕಣಿವೆಯಂಥ ಜಾಗಗಳಲ್ಲಿ ತಯಾರಾಗುತ್ತದೆ. ಅಲ್ಲಿನ ಕತ್ರಾಯಿನ್‌ನಲ್ಲಿ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಮಳೆಗಾಲದಲ್ಲಿ ಸಸಿ ಮಾಡಿ, ಚಳಿಗೆ ಮುಂಚೆ ಗಡ್ಡೆ ಕಟ್ಟಿಸಿ, ಹಿಮದ ತಿಂಗಳುಗಳನ್ನು ಹೊಲದಲ್ಲೇ ಕಳೆಯಲು ಬಿಡುತ್ತಾರೆ. ಚಳಿ ಹಿಂಜರಿಯುವ ಹೊತ್ತಿಗೆ ಗಡ್ಡೆಯ ನೆತ್ತಿಗೆ ಕತ್ತರಿಯಾಕಾರದಲ್ಲಿ ಎರಡು ಗೀರು ಹಾಕುತ್ತಾರೆ. ಗಟ್ಟಿಯಾಗಿ ಸುತ್ತಿದ ಎಲೆಗಳನ್ನು ಸೀಳಿಕೊಂಡು ದಂಟು ತಾನಾಗಿ ಹೊರಬರುವುದು ಕಷ್ಟ, ಅದಕ್ಕೆ. ಮಾಲೂರಿನ ರೈತರು ಗೀರನ್ನೂ ಹಾಕಿ ನೋಡಿದ್ದರು! ಒಳಗೆ ದಂಟೇ ಇಲ್ಲದಿದ್ದರೆ ಗೀರಿನಿಂದ ಏನು ಬಂದೀತು?

ಸರಿ, ಹೂ ಬಂತು ಎಂದುಕೊಳ್ಳೋಣ. ಆಗ ಎರಡನೆಯ ತೊಡಕು. ಕೋಸಿನ ಹೂವಿನಲ್ಲಿ ಹಳದಿಯ ನಾಲ್ಕು ದಳ ಶಿಲುಬೆಯಂತೆ ಹರಡಿರುತ್ತವೆ, ಆರು ಕೇಸರಗಳು, ನಾಲ್ಕು ಉದ್ದ, ಎರಡು ಗಿಡ್ಡ, ನಡುವೆ ಹೆಣ್ಣು ಭಾಗವಾದ ಶಲಾಕೆ. ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿ ಇದ್ದರೂ ಸ್ವಂತ ಪರಾಗವನ್ನು ಹೂವು ಒಪ್ಪುವುದಿಲ್ಲ. ಪರಾಗದ ಕಣ ಮೊಳೆಯಬೇಕಾದರೆ ಶಲಾಕೆಯ ತುದಿ ಅದಕ್ಕೆ ನೀರು ಕೊಡಬೇಕು. ಕಣದ ಮೈಮೇಲಿನ ಪ್ರೋಟೀನನ್ನು ಮುಟ್ಟಿ, ತನ್ನದೇ ಗುರುತು ಎಂದು ತಿಳಿದ ಕೂಡಲೇ ಶಲಾಕೆ ನೀರು ನಿಲ್ಲಿಸಿಬಿಡುತ್ತದೆ. ಕಣ ಒಣಗಿ ಕುಳಿತಲ್ಲೇ ಕೂರುತ್ತದೆ. ಸಗೋತ್ರ ಸಂಬಂಧಕ್ಕೆ ನಮ್ಮ ಹಿರಿಯರು ಹಾಕಿದ ಅಡ್ಡಿಗಿಂತ ಇದು ಬಿಗಿ.

ಈ ಅಡ್ಡಿಯನ್ನು ದಾಟುವ ಕೆಲಸವನ್ನು ಕುಲು ಕಣಿವೆಯಲ್ಲಿ ತರಬೇತಿಗೆ ಹೋದಾಗ ಕಲಿತೆ. ಮೊಗ್ಗು ಅರಳುವುದಕ್ಕೆ ಎರಡು ಮೂರು ದಿನ ಮುಂಚೆ ಶಲಾಕೆಯಲ್ಲಿ ಆ ಗುರುತು ಹಿಡಿಯುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಗೊಂಚಲು ಕೆಳಗಿನಿಂದ ಮೇಲಕ್ಕೆ ಅರಳುತ್ತದಲ್ಲ, ಕೆಳಗೆ ಅರಳಿದ ಹೂವನ್ನು ಕಿತ್ತುಕೊಳ್ಳಬೇಕು. ಮೇಲಿನ ಹಸಿರು ಮೊಗ್ಗಿನ ತುದಿಯನ್ನು ಚಿಮಟದಿಂದ ಬಿಡಿಸಬೇಕು. ಶಲಾಕೆಗೆ ನೋವಾಗದಂತೆ ಪರಾಗ ಸವರಬೇಕು. ಅಕ್ಕಿಕಾಳಿನ ಗಾತ್ರದ ಮೊಗ್ಗು. ಮಧ್ಯಾಹ್ನದ ಹೊತ್ತಿಗೆ ಕತ್ತು ಹಿಡಿದುಕೊಂಡು, ಉಗುರಿನ ಸಂದಿಯೆಲ್ಲ ಹಳದಿಯಾಗಿರುತ್ತಿತ್ತು. ಮೊದಲ ವಾರ ನಾನು ಮಾಡಿದ ಮೊಗ್ಗುಗಳಲ್ಲಿ ಅರ್ಧಕ್ಕರ್ಧ ಉದುರಿದವು. ಹೈಬ್ರಿಡ್ ಮಾಡುವವರು ಶುದ್ಧ ತಂದೆ ತಾಯಿ ಸಾಲುಗಳನ್ನು ಹೀಗೆ ಉಳಿಸಿಕೊಳ್ಳುತ್ತಾರೆ. ಆಮೇಲೆ ಎರಡು ಸಾಲನ್ನೂ ಪಕ್ಕಪಕ್ಕ ಬೆಳೆಸಿ ಜೇನುಪೆಟ್ಟಿಗೆ ಇಟ್ಟರೆ ಸಾಕು. ಸ್ವಂತದ್ದನ್ನು ಎರಡೂ ಒಪ್ಪುವುದಿಲ್ಲವಾದ್ದರಿಂದ ಕಟ್ಟುವ ಬೀಜ ಬಹುಪಾಲು ಬೆರಕೆಯೇ. ಹೂ ಬಿಡುವಾಗ ಬಿಸಿಲು ಏರಿದರೆ ಅಡ್ಡಿ ಸಡಿಲವಾಗಿ ಸ್ವಂತ ಬೀಜವೂ ನುಸುಳುತ್ತದೆ. ಒಂದೇ ಪೊಟ್ಟಣದ ಸಸಿಗಳಲ್ಲಿ ಅಲ್ಲೊಂದು ಇಲ್ಲೊಂದು ಕುಳ್ಳಗೆ ಉಳಿದದ್ದನ್ನು ಕಂಡಿದ್ದರೆ, ಇದೂ ಒಂದು ಕಾರಣವಿರಬಹುದು.

ಬೆಳೆಗಾರರ ಅನುಮಾನದಲ್ಲಿ ಒಂದು ಪಾಲು ನಿಜವಿದೆ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಜಪಾನಿನ ಒಗುರಾ ಎಂಬ ವಿಜ್ಞಾನಿ 1968ರಲ್ಲಿ ಪರಾಗವೇ ಇಲ್ಲದ ಮೂಲಂಗಿ ಗಿಡಗಳ ಬಗ್ಗೆ ಬರೆದರು. ಆ ಗುಣವನ್ನು ಆಮೇಲೆ ಕೋಸಿಗೂ ತಂದರು, ಈಗ ಅನೇಕ ಹೈಬ್ರಿಡ್‌ಗಳು ಅದರ ಮೇಲೆಯೇ ನಿಂತಿವೆ. ಅಂಥ ಗಿಡವನ್ನು ಕುಲುವಿನಲ್ಲಿ ಬೆಳೆಸಿ ಹೂ ಬಿಡಿಸಿದರೂ ಅದರಲ್ಲಿ ಪರಾಗವಿರುವುದಿಲ್ಲ. ಎಲೆ ತಿನ್ನುವವರಿಗೆ ಅದರಿಂದ ನಷ್ಟವಿಲ್ಲ, ಮನೆಬೀಜ ಬಯಸುವವರಿಗೆ ಇದೆ. ಇದನ್ನು ಪೊಟ್ಟಣದ ಮೇಲೆ ಬೆಳೆಗಾರನಿಗೆ ತಿಳಿಯುವ ಭಾಷೆಯಲ್ಲಿ ಅಚ್ಚು ಹಾಕಬೇಕು ಎಂಬುದು ನನ್ನ ಪಕ್ಷ.

ಹೂಕೋಸಿನ ಕತೆ ಬೇರೆ. ಇಂಗ್ಲೆಂಡಿನಿಂದ ಅದು ಸಹಾರನ್‌ಪುರದ ತೋಟಕ್ಕೆ ಬಂದದ್ದು 1822ರಲ್ಲಿ. ನಮ್ಮ ಬಿಸಿಲಿನಲ್ಲಿ ಬದುಕಿ ಬೀಜ ಕಟ್ಟಿದ ಗಿಡಗಳನ್ನೇ ಆರಿಸುತ್ತ ಹೋದ ಬೆಳೆಗಾರರಿಂದಾಗಿ ಭಾರತದ ಬೇಗನೆ ಬರುವ ತಳಿಗಳು 20ರಿಂದ 27 ಡಿಗ್ರಿಯಲ್ಲೂ ಗಡ್ಡೆ ಕಟ್ಟುತ್ತವೆ, ಬಯಲುಸೀಮೆಯಲ್ಲೇ ಹೂ ಬಿಡುತ್ತವೆ. ನಾವು ತಿನ್ನುವ ಗಡ್ಡೆ ಹೂವಲ್ಲ. ಹೂವಾಗಲು ಹೊರಟು, ಆಗಲಾರದೆ ಮತ್ತೆ ಮತ್ತೆ ಕವಲೊಡೆದ ಸಾವಿರಾರು ಕುಡಿಗಳ ಮುದ್ದೆ. ಹಾಗಾಗಿ ಸಣ್ಣ ಏರುಪೇರಿಗೂ ಕೆಡುತ್ತದೆ. ಸಸಿಯನ್ನು ಟ್ರೇಯಲ್ಲಿ ದಿನ ಮೀರಿ ಉಳಿಸಿಕೊಂಡು, ಗೊಬ್ಬರ ಸಾಲದೆ ಸೊರಗಿಸಿ ನೆಟ್ಟರೆ, ನಿಂಬೆಹಣ್ಣಿನಷ್ಟಕ್ಕೇ ಗಡ್ಡೆ ಕಟ್ಟಿ ನಿಲ್ಲುತ್ತದೆ. ಗಡ್ಡೆಯ ಹೊತ್ತಿಗೆ ಬಿಸಿ ಹೆಚ್ಚಾದರೆ ಮೇಲೆ ಅಕ್ಕಿ ಚೆಲ್ಲಿದಂತೆ ಬಿಳಿ ಕಾಳು ಏಳುತ್ತದೆ, ಇಲ್ಲವೇ ನಡುವೆ ಹಸಿರು ಎಲೆ ಇಣುಕುತ್ತದೆ. ಇವಕ್ಕೆ ಔಷಧಿ ಕೇಳಿಕೊಂಡು ಬರುವವರನ್ನು ನಾನು ಬರಿಗೈಯಲ್ಲಿ ಕಳಿಸುತ್ತೇನೆ. ಹಂಗಾಮಿಗೆ ತಕ್ಕ ತಳಿ, ಇಪ್ಪತ್ತೈದು ಮೂವತ್ತು ದಿನದ ಸಸಿ, ಇಷ್ಟೇ ಮದ್ದು.

ಆ ರೈತರ ಹೊಲದಲ್ಲಿ ಇದೇ ಕುಲದ ಇನ್ನೊಂದು ಗಿಡವೂ ಇತ್ತು. ಕೋಸಿನ ಇಪ್ಪತ್ತೈದು ಸಾಲಿಗೆ ಒಂದು ಜೋಡಿಯಂತೆ ಸಾಸಿವೆ ಹಾಕಿದ್ದರು. ಕೋಸಿಗೆ ಕಾಟ ಕೊಡುವ ವಜ್ರಬೆನ್ನಿನ ಪತಂಗವನ್ನು ಸಾಸಿವೆಯತ್ತ ಸೆಳೆಯಲು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ತೋರಿಸಿಕೊಟ್ಟ ಉಪಾಯ ಅದು. ಸಾಸಿವೆಗೆ ಚಳಿಯ ಹಠವಿಲ್ಲ, ಸ್ವಂತ ಪರಾಗವನ್ನೂ ಒಪ್ಪುತ್ತದೆ, ಜೇನು ಬಂದರೆ ಕಾಳು ಇನ್ನೂ ಚೆನ್ನಾಗಿ ಕಟ್ಟುತ್ತದೆ. ರಾಗಿಯ ಅಕ್ಕಡಿ ಸಾಲಿನಲ್ಲಿ ತಲೆಮಾರುಗಳಿಂದ ಮನೆಬೀಜವಾಗಿ ಉಳಿದು ಬಂದಿರುವುದು ಸುಮ್ಮನೆ ಅಲ್ಲ.

ಅದಕ್ಕೂ ಒಂದು ಮಿತಿಯಿದೆ. ಅವರು ತಂದು ತೋರಿಸಿದ ಸಾಸಿವೆ ಕಾಯನ್ನು ಉಗುರಿನಿಂದ ಸೀಳಿದೆ. ಕೆಳಗಿನ ಕಾಯಲ್ಲಿ ಕಾಳು ಒತ್ತೊತ್ತಾಗಿತ್ತು; ತಡವಾಗಿ ಹೂಬಿಟ್ಟ ತುದಿಯ ಕಾಯಲ್ಲಿ ನಾಲ್ಕೇ ಕಾಳು, ಮಿಕ್ಕದ್ದು ಖಾಲಿ, ಕಾಯಿ ಅಲ್ಲಲ್ಲಿ ಸೊಟ್ಟ. ಪರಾಗ ಬಿಸಿಗೆ ಕೆಡುವುದು ಹೂ ಅರಳಿದ ದಿನ ಮಾತ್ರವಲ್ಲ, ಮೊಗ್ಗಿನೊಳಗೆ ಅದು ರೂಪುಗೊಳ್ಳುವಾಗಲೇ ಪೆಟ್ಟು ಹೆಚ್ಚು. ಹೂ ನೋಡಲು ಚೆನ್ನಾಗಿಯೇ ಇರುತ್ತದೆ, ಕಾಯಿ ಮಾತ್ರ ಜೊಳ್ಳು. ನೀರು ಒಂದೇ ಸಲ ಕೊಡಲು ಸಾಧ್ಯವಿದ್ದರೆ ಮೊಗ್ಗಿನ ಹಂತಕ್ಕೆ ಉಳಿಸಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಬೋರಾನ್ ಕೊರತೆಯ ಮಣ್ಣಾದರೆ ಅದನ್ನೂ ಆಗಲೇ ಕೊಡಬೇಕು, ಪರಾಗನಾಳ ಬೆಳೆಯಲು ಅದು ಬೇಕೇ ಬೇಕು.

"ಸಾಸಿವೆ ಸಾಲಿಗೆ ಔಷಧಿ ಯಾವಾಗ ಹೊಡೆಯುತ್ತೀರಿ?" ಎಂದು ಕೇಳಿದೆ. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತಿಗೆ ಎಂದರು. ತುಡುವೆ ಜೇನು ಹೂವಿಗೆ ಬೀಳುವುದೂ ಆಗಲೇ. ಇನ್ನು ಮೇಲೆ ಸಂಜೆ ಐದರ ನಂತರ ಹೊಡೆಯುತ್ತೇನೆ ಎಂದು ಹೇಳಿ, ಕೆಳಗಿನ ಕಾಯಿಗಳ ಕಾಳನ್ನಷ್ಟೇ ಬೇರೆ ಕಟ್ಟಿಕೊಂಡು ಹೋದರು.