ಪದ ಪರಿಚಯ: ನಗಣ್ಯ ಮುಪ್ಪು

ಮಲ್ಪೆ ದಕ್ಕೆಗೆ ಬುಟ್ಟಿಗಟ್ಟಲೆ ಬರುವ ಬೂತಾಯಿ ಮೀನಿನ ಆಯಸ್ಸು ಹೆಚ್ಚೆಂದರೆ ಎರಡೂವರೆ, ಮೂರು ವರ್ಷ. ಉತ್ತರ ಅಟ್ಲಾಂಟಿಕ್‌ನ ತಣ್ಣೀರಿನ ಗ್ರೀನ್‌ಲ್ಯಾಂಡ್ ಶಾರ್ಕ್ ಶತಮಾನಗಳನ್ನೇ ದಾಟುತ್ತದೆ. ಇಂಥ ಸುದ್ದಿಯ ಜೊತೆ 'ನಗಣ್ಯ ಮುಪ್ಪು' ಎಂಬ ಮಾತು ಬಂದರೆ, "ಹಾಗಾದ್ರೆ ಅದಕ್ಕೆ ಸಾವೇ ಇಲ್ವಾ ಮಾರಾಯ್ರೆ?" ಎಂದು ಕೇಳುವವರಿದ್ದಾರೆ. ಸಾವು ಉಂಟು. ವಯಸ್ಸಾಯಿತೆಂಬ ಕಾರಣಕ್ಕೆ ಸಾಯುವ ಸಂಭವ ಏರುವುದಿಲ್ಲ, ಸಂತಾನಶಕ್ತಿ ಕುಗ್ಗುವುದು ಕಾಣುವುದಿಲ್ಲ, ಅಷ್ಟೆ. ಅಮೆರಿಕದ ಜೀವವಿಜ್ಞಾನಿ ಕ್ಯಾಲೆಬ್ ಫಿಂಚ್ 1990ರಲ್ಲಿ ಈ ಪದವನ್ನು ಬಳಕೆಗೆ ತಂದರು.

ನಮ್ಮ ಲೆಕ್ಕ ಬೇರೆ. ಪ್ರಾಯ ದಾಟಿದ ಮನುಷ್ಯರಲ್ಲಿ ಸಾವಿನ ಅಪಾಯ ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಈ ಬಗೆಯ ಏರಿಕೆಯನ್ನು 1825ರಲ್ಲೇ ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ಗೊಂಪರ್ಟ್ಸ್ ಸೂತ್ರಕ್ಕೆ ಇಳಿಸಿದ್ದರು. ಪೂರ್ವ ಆಫ್ರಿಕಾದ ನೆಲದಡಿ ಬದುಕುವ ನೇಕೆಡ್ ಮೋಲ್ ರ್ಯಾಟ್ ಈ ಸೂತ್ರಕ್ಕೆ ಬಗ್ಗುವುದಿಲ್ಲ. ನೋಡಲು ಸುಕ್ಕು ಮೈಯ ಬೋಳು ಇಲಿ, ಚಂದವೇನಿಲ್ಲ. ಆದರೆ ಮನೆಯ ಚಿಟ್ಟಿಲಿ ಎರಡು ಮೂರು ವರ್ಷಕ್ಕೆ ಮುಗಿದರೆ ಇದು ಮೂವತ್ತು ದಾಟುತ್ತದೆ. ಮೂರು ಸಾವಿರಕ್ಕೂ ಹೆಚ್ಚು ಪ್ರಾಣಿಗಳ ದಾಖಲೆ ನೋಡಿದ 2018ರ ಅಧ್ಯಯನದಲ್ಲಿ, ಪ್ರಾಯಕ್ಕೆ ಬಂದ ಮೇಲೆ ದಿನವೊಂದರಲ್ಲಿ ಸಾಯುವ ಸಂಭವ ಸುಮಾರು ಹತ್ತು ಸಾವಿರಕ್ಕೆ ಒಂದು ಎಂದು ಕಂಡಿತು. ವರ್ಷ ಕಳೆದರೂ ಅದು ಅಷ್ಟೇ ಇತ್ತು.

ಶಾರ್ಕ್ ವಿಷಯದಲ್ಲಿ ನನಗೆ ಇಷ್ಟು ಧೈರ್ಯವಿಲ್ಲ. ಕೊಡ್ಡಾಯಿ ಮೀನು ಶುಚಿ ಮಾಡುವವರಿಗೆ ಅದರ ತಲೆಯೊಳಗಿನ ಬಿಳಿ ಕಲ್ಲು ಗೊತ್ತು. ಮೀನಿನ ವಯಸ್ಸು ಓದುವುದು ಅಂಥ ಕಲ್ಲನ್ನು ಸೀಳಿ, ಪದರ ಎಣಿಸಿ. ಶಾರ್ಕ್‌ಗೆ ಆ ಕಲ್ಲಿಲ್ಲ. ಹಾಗಾಗಿ ಕಣ್ಣಿನ ಮಸೂರದ ನಟ್ಟನಡುವಿನ, ಹುಟ್ಟುವ ಮೊದಲೇ ಆದ ಭಾಗದಲ್ಲಿ, ವಯಸ್ಸಿನ ಸುಳಿವು ಕೊಡುವ ವಿಕಿರಣಶೀಲ ಕಾರ್ಬನ್ ಅಳೆದರು. 2016ರಲ್ಲಿ ಅತಿ ದೊಡ್ಡ ಶಾರ್ಕ್‌ಗೆ ಸಿಕ್ಕ ಅಂದಾಜು 392 ವರ್ಷ, 120 ಹೆಚ್ಚುಕಡಿಮೆ. 'ಕನಿಷ್ಠ 272' ಎಂಬ ಮಾತು ಹುಟ್ಟಿದ್ದು ಹೀಗೆ. ಇದು ವಯಸ್ಸು ಹೇಳಿತು, ಮುಪ್ಪಿನ ಬಗ್ಗೆ ಏನೂ ಹೇಳಲಿಲ್ಲ. ಬೇರೆ ಬೇರೆ ವಯಸ್ಸಿನ ಎಷ್ಟೋ ಶಾರ್ಕ್‌ಗಳ ಸಾವಿನ ಲೆಕ್ಕವಿಲ್ಲದೆ ಆ ಹಣೆಪಟ್ಟಿ ಅಂಟಿಸುವುದು ಅವಸರವೇ ಸರಿ.

ಆಮೆಗಳ ಬಗ್ಗೆ ಲೆಕ್ಕ ಸಿಕ್ಕಿದೆ. ಮೃಗಾಲಯಗಳ 52 ಜಾತಿಗಳನ್ನು ನೋಡಿದ 2022ರ ಅಧ್ಯಯನದಲ್ಲಿ ಮುಕ್ಕಾಲು ಪಾಲಿಗೆ ಮುಪ್ಪು ಬಹಳ ನಿಧಾನ ಅಥವಾ ನಗಣ್ಯ. ಆದರೂ ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಎಂಬ ಆಮೆಯನ್ನು ನೋಡಿ: ಹುಟ್ಟಿದ್ದು ಸುಮಾರು 1832ರಲ್ಲಿ, ಕಣ್ಣಿಗೆ ಪೊರೆ ಬಂದು ದೃಷ್ಟಿ ಹೋಯಿತು, ವಾಸನೆ ಹಿಡಿಯುವುದೂ ನಿಂತಿತು, ಹಸಿವು ಮಾತ್ರ ಚೆನ್ನಾಗಿಯೇ ಉಳಿಯಿತು.