ತೇಲುವ ಸೋಲಾರ್ ಗಿಟ್ಟುವುದು ಯಾವಾಗ?

ಜಲಾಶಯದ ನೀರಿನ ಮೇಲೆ ಗಟ್ಟಿ ಪ್ಲಾಸ್ಟಿಕ್ ಡಬ್ಬಗಳನ್ನು ಸಾಲಾಗಿ ಜೋಡಿಸಿ, ಅವುಗಳ ಮೇಲೆ ಸೋಲಾರ್ ಪ್ಯಾನೆಲ್ ಕೂರಿಸಿದರೆ ಅದೇ ತೇಲುವ ಸೋಲಾರ್. ಪ್ಯಾನೆಲ್ ಮಾತ್ರ ನಮ್ಮ ಮಾಳಿಗೆ ಮೇಲಿರುವಂಥದ್ದೇ. ಬೇರೆಯಾಗಿರುವುದು ಅದರ ಕೆಳಗಿನ ಸರಂಜಾಮು: ಡಬ್ಬ, ಹಗ್ಗ, ನೀರಿನ ತಳದಲ್ಲಿ ಕೂರಿಸಿದ ಭಾರ. ಖರ್ಚು ಏರುವುದೂ ಅಲ್ಲೇ.

ಜಮೀನು ಉಳಿಯುತ್ತದೆ, ಹಾಗಾಗಿ ಲಾಭ ಅಂತ ಎಲ್ಲರೂ ಹೇಳುತ್ತಾರೆ. ಬಾಗಲಕೋಟೆಯವರಿಗೆ ಜಮೀನಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ನವನಗರಕ್ಕೆ ಬಂದ ಊರು ಅದು. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ 3ನೇ ಹಂತದ ಮುಳುಗಡೆ ಜಮೀನಿಗೆ ರಾಜ್ಯ ಸರ್ಕಾರ 2025ರಲ್ಲಿ ಗೊತ್ತುಮಾಡಿದ ದರ ನೀರಾವರಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ. ಇಂಥ ದರ ಕೊಟ್ಟು ಯಾರು ಪ್ಯಾನೆಲ್ ಹಾಕುತ್ತಾರೆ? ಯಾರೂ ಹಾಕುವುದಿಲ್ಲ. ಸೋಲಾರ್ ಕಂಪನಿಗಳು ಅಗ್ಗದ ಬರಡು ನೆಲ ಹುಡುಕಿಕೊಂಡು ಹೋಗುತ್ತವೆ. ಪಾವಗಡದ ಸೋಲಾರ್ ಪಾರ್ಕ್‌ಗೆ ರೈತರಿಂದ ಜಮೀನು ಗುತ್ತಿಗೆಗೆ ಪಡೆದಾಗ ವರ್ಷಕ್ಕೆ ಎಕರೆಗೆ 21,000 ರೂಪಾಯಿ ಇತ್ತು. ನೀರಿನ ಮೇಲಿನ ಪ್ಯಾನೆಲ್ ಪೈಪೋಟಿ ಮಾಡಬೇಕಿರುವುದು ಆ 21,000ದ ಜೊತೆ, 30 ಲಕ್ಷದ ಜೊತೆ ಅಲ್ಲ.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಮೆಗಾವ್ಯಾಟ್‌ಗೆ ಸುಮಾರು 5 ಎಕರೆ ಬೇಕು, ಅಂದರೆ ಗುತ್ತಿಗೆ ವರ್ಷಕ್ಕೆ 1.05 ಲಕ್ಷ. ಅಷ್ಟು ಪ್ಯಾನೆಲ್‌ನಿಂದ ವರ್ಷಕ್ಕೆ 17 ಲಕ್ಷ ಯೂನಿಟ್ ಬಂತು ಅಂದುಕೊಂಡರೆ ಯೂನಿಟ್‌ಗೆ 6 ಪೈಸೆ ಬಿತ್ತು. ಈಗ ಡಬ್ಬ, ಹಗ್ಗಕ್ಕೆಂದು ಮೆಗಾವ್ಯಾಟ್‌ಗೆ 50 ಲಕ್ಷ ಜಾಸ್ತಿ ಆಯಿತು ಅನ್ನಿ. ಸಾಲದ ಕಂತು, ಬಡ್ಡಿ ಸೇರಿ ವರ್ಷಕ್ಕೆ 5 ಲಕ್ಷ. ಯೂನಿಟ್‌ಗೆ 29 ಪೈಸೆ! 6 ಪೈಸೆ ಉಳಿಸಲು 29 ಪೈಸೆ ಸುರಿದ ಹಾಗಾಯಿತು, ಅಲ್ವಾ?

ಉಳಿದ 23 ಪೈಸೆ ಬೇರೆ ಕಡೆಯಿಂದ ಹುಟ್ಟಬೇಕು. ಪ್ಯಾನೆಲ್ ಕಾದಷ್ಟೂ ವಿದ್ಯುತ್ ಕಡಿಮೆ ಕೊಡುತ್ತದೆ, ಒಂದು ಡಿಗ್ರಿಗೆ ಶೇ 0.4ರ ಆಸುಪಾಸು. ವಿಜಯಪುರದ ಏಪ್ರಿಲ್ ಬಿಸಿಲಿನಲ್ಲಿ ನೀರಿನ ತಂಪು ಕೆಲಸಕ್ಕೆ ಬರುತ್ತದೆ, ನಿಜ. ಆದರೆ ಗಾಳಿಗೆ ಏಳದಿರಲಿ ಅಂತ ನೀರಿನ ಮೇಲೆ ಪ್ಯಾನೆಲ್‌ಗಳನ್ನು ಹೆಚ್ಚು ಓರೆ ಮಾಡುವುದಿಲ್ಲ. ಹಾಗಾಗಿ ಬಿಸಿಲು ನೇರ ಬೀಳುವುದು ಕಡಿಮೆ; ತಂಪಿನಲ್ಲಿ ಗಳಿಸಿದ್ದರಲ್ಲಿ ಒಂದಿಷ್ಟು ಅಲ್ಲಿ ಹೋಯಿತು. ನೀರು ಆವಿಯಾಗುವುದು ತಪ್ಪುತ್ತದೆ ಎಂಬ ಮಾತೂ ಇದೆ. ತೆಲಂಗಾಣದ ರಾಮಗುಂಡಂನ 100 ಮೆಗಾವ್ಯಾಟ್ ತೇಲುವ ಘಟಕ 500 ಎಕರೆ ನೀರಿನ ಮೇಲೆ ಹರಡಿದೆ. ಅಲ್ಲಿ ವರ್ಷಕ್ಕೆ 32.5 ಲಕ್ಷ ಘನ ಮೀಟರ್ ನೀರು ಉಳಿಯುತ್ತದೆ ಎಂದು ಸರ್ಕಾರದ ಲೆಕ್ಕ. ಕೇಳಲು ದೊಡ್ಡದು. ನಮ್ಮ ಭಾಷೆಯಲ್ಲಿ ಹೇಳಿದರೆ ಒಂದು ಟಿಎಂಸಿಯ ಒಂಬತ್ತನೇ ಒಂದು ಪಾಲು. ಆಲಮಟ್ಟಿಯಲ್ಲಿ ನಿಲ್ಲುವುದು 123 ಟಿಎಂಸಿ.

ನನ್ನ ಪ್ರಕಾರ ನಿಜವಾದ ಆಸ್ತಿ ತಂತಿ. ಆಲಮಟ್ಟಿಯಲ್ಲಿ 290 ಮೆಗಾವ್ಯಾಟ್‌ನ ಜಲವಿದ್ಯುತ್ ಘಟಕವಿದೆ, ಅದರ ಲೈನೂ ಇದೆ. ಮಳೆಗಾಲದಲ್ಲಿ ಆ ಲೈನಿನಲ್ಲಿ ವಿದ್ಯುತ್ ತುಂಬಿ ಹರಿಯುತ್ತದೆ. ಬೇಸಿಗೆಯಲ್ಲಿ ನೀರಿಲ್ಲದೆ ಟರ್ಬೈನ್ ನಿಂತಾಗ ಲೈನೂ ಖಾಲಿ. ಸೋಲಾರ್‌ಗೆ ಸುಗ್ಗಿ ಅದೇ ಬೇಸಿಗೆ. ಹೊಸ ಲೈನ್, ಹೊಸ ಸಬ್‌ಸ್ಟೇಷನ್ ಖರ್ಚು ತಪ್ಪಿದರೆ ಆ 23 ಪೈಸೆಯಲ್ಲಿ ದೊಡ್ಡ ಪಾಲು ಇಲ್ಲೇ ಸಿಗಬಹುದು. ಅಣೆಕಟ್ಟಿನಿಂದ ದೂರ ಹೋದಷ್ಟೂ ಈ ಲಾಭ ಕರಗುತ್ತದೆ.

ಇನ್ನು ನೀರಿನ ಏರಿಳಿತ. ಹಿಡಕಲ್ ಹಿನ್ನೀರಿನಲ್ಲಿ ಹುನ್ನೂರಿನ ವಿಠ್ಠಲ ದೇವಸ್ಥಾನ ಮಳೆಗಾಲದಲ್ಲಿ ಮುಳುಗಿರುತ್ತದೆ, ಬೇಸಿಗೆಗೆ ಮೇಲೆ ಬರುತ್ತದೆ, ಜನ ನಡೆದುಕೊಂಡೇ ಹೋಗುತ್ತಾರೆ. ಅಂಥ ಜಾಗದಲ್ಲಿ ಪ್ಯಾನೆಲ್ ಕಟ್ಟಿದರೆ ಮೇ ತಿಂಗಳಲ್ಲಿ ಅವು ಕೆಸರಿನ ಮೇಲೆ ಕೂರುತ್ತವೆ. ಆಲಮಟ್ಟಿಯಲ್ಲೂ ನೀರು ತುಂಬಿದಾಗಿನ 519.6 ಮೀಟರ್ ಮಟ್ಟದಿಂದ ಹತ್ತು ಮೀಟರ್‌ಗೂ ಜಾಸ್ತಿ ಇಳಿಯಬಲ್ಲದು. ಹಗ್ಗ ಅಷ್ಟು ಉದ್ದ ಇರಬೇಕು, ನೀರು ಇಳಿದಾಗ ಸಡಿಲ ಬಿದ್ದು ಇಡೀ ಸಾಲು ಅಲೆದಾಡಲೂಬಾರದು. ಇದಕ್ಕೆ ದುಡ್ಡು ಬೇಕು. ಅದರ ಮೇಲೆ ಮುಂಗಾರಿಗೆ ಮುಂಚಿನ ಬಿರುಗಾಳಿ. ಮಧ್ಯಪ್ರದೇಶದ ಓಂಕಾರೇಶ್ವರದಲ್ಲಿ ಕಟ್ಟುತ್ತಿದ್ದ ಘಟಕಕ್ಕೆ 2024ರ ಏಪ್ರಿಲ್‌ನಲ್ಲಿ ಅಂಥದ್ದೇ ಗಾಳಿ ಹಾನಿ ಮಾಡಿತ್ತು. ವಿಮೆಯವರು ಇದನ್ನೆಲ್ಲ ನೋಡಿಯೇ ಕಂತು ಹೇಳುತ್ತಾರೆ.

ಹಾಗಾಗಿ ಗಿಟ್ಟುವುದಾದರೆ ಅಣೆಕಟ್ಟಿಗೆ ಹತ್ತಿರ, ಬೇಸಿಗೆಯಲ್ಲೂ ಆಳ ಉಳಿಯುವ ಕಡೆ, ಅದೂ ಇರುವ ಲೈನಿಗೆ ಸಾಲುವಷ್ಟೇ. ಅಲ್ಲಿ ಬಲೆ ಹಾಕುವ ಮೀನುಗಾರರಿದ್ದರೆ ಅವರಿಗೆ ಕೊಡಬೇಕಾದ ಪರಿಹಾರವನ್ನೂ ಟೆಂಡರ್‌ಗೆ ಮೊದಲೇ ಯೂನಿಟ್ ದರದಲ್ಲಿ ಸೇರಿಸಬೇಕು.