ಕೋಷ್ಟಕದ ಅಂಕಿಗಳನ್ನೆಲ್ಲ ಬರೆದರೆ ಹೋಲಿಕೆಯಾಗುತ್ತದೆಯೇ?

ಪ್ರಶ್ನೆ: ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಪರೀಕ್ಷೆಯ ಮೊದಲ ಬರವಣಿಗೆಯಲ್ಲಿ ಗ್ರಾಫ್ ಅಥವಾ ಕೋಷ್ಟಕದ ಒಂದು ಅಂಕಿಯನ್ನೂ ಬಿಡದೆ ಬರೆದರೂ ಬ್ಯಾಂಡ್ (ಪರೀಕ್ಷೆಯ ಅಂಕ) ಏರುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಒಂದನ್ನೂ ಬಿಡದಿರುವುದೇ ತೊಡಕು. ಸುಮಾರು 20 ನಿಮಿಷದಲ್ಲಿ ಕನಿಷ್ಠ 150 ಪದ ಬರೆಯಬೇಕಾದ ಈ ಭಾಗದಲ್ಲಿ, ಮುಖ್ಯ ಅಂಶಗಳನ್ನು ಆಯ್ದು ಬರೆಯಬೇಕು, ಸೂಕ್ತವಿದ್ದಲ್ಲಿ ಹೋಲಿಸಬೇಕು ಎಂದು ಪ್ರಶ್ನೆಪತ್ರಿಕೆಯೇ ಸೂಚಿಸಿರುತ್ತದೆ.

ಕರ್ನಾಟಕದ ಜನಗಣತಿಯನ್ನೇ ನೋಡೋಣ. ಏಳು ವರ್ಷ ಮತ್ತು ಅದಕ್ಕೂ ಹೆಚ್ಚು ವಯಸ್ಸಿನವರಲ್ಲಿ 2001ರಲ್ಲಿ ಪುರುಷರ ಸಾಕ್ಷರತೆ ಶೇ 76.10, ಮಹಿಳೆಯರದು ಶೇ 56.87 ಇತ್ತು, 2011ರಲ್ಲಿ ಅವು ಕ್ರಮವಾಗಿ ಶೇ 82.47 ಮತ್ತು ಶೇ 68.08ಕ್ಕೆ ಏರಿದವು. ಇವನ್ನು ನಾಲ್ಕು ವಾಕ್ಯಗಳಲ್ಲಿ ಒಪ್ಪಿಸಿದರೆ ಅದು ಪಟ್ಟಿಯಾಗುತ್ತದೆಯೇ ಹೊರತು ಹೋಲಿಕೆಯಾಗುವುದಿಲ್ಲ. ಎರಡೂ ಗಣತಿಗಳಲ್ಲಿ ಪುರುಷರೇ ಮುಂದಿದ್ದರೂ ಮಹಿಳೆಯರ ಸಾಕ್ಷರತೆ ಹೆಚ್ಚು ಏರಿದ್ದರಿಂದ ಅಂತರವು ಸುಮಾರು 19ರಿಂದ 14 ಶೇಕಡಾ ಅಂಶಗಳಿಗೆ ಇಳಿಯಿತು ಎಂಬುದು ಹೋಲಿಕೆ. ಇಂಗ್ಲಿಷಿನಲ್ಲಿ ‘ಆಲ್ದೋ’ ಎಂದು ಆರಂಭಿಸಿ, ‘ದ ಗ್ಯಾಪ್ ನ್ಯಾರೋಡ್’ ಎಂಬಲ್ಲಿಗೆ ತಂದರೆ ಈ ಮಾತು ಒಂದೇ ವಾಕ್ಯದಲ್ಲಿ ಮುಗಿಯುತ್ತದೆ. ಅಂಕಿಗಳ ವಿವರಕ್ಕೆ ಇಳಿಯುವ ಮೊದಲೇ, ಯಾವ ಸಂಖ್ಯೆಯನ್ನೂ ಹೇಳದೆ, ಈ ಒಟ್ಟು ಚಿತ್ರವನ್ನು ಒಂದೆರಡು ವಾಕ್ಯಗಳಲ್ಲಿ ಕೊಡುವುದು ಒಳ್ಳೆಯದು.

ಇದೇ ಉದಾಹರಣೆಯಲ್ಲಿ ಇನ್ನೊಂದು ಬಲೆಯೂ ಇದೆ. ಮಹಿಳೆಯರ ಸಾಕ್ಷರತೆ 56.87ರಿಂದ 68.08ಕ್ಕೆ ಏರಿದ್ದನ್ನು ‘ಇಲೆವೆನ್ ಪರ್ಸೆಂಟ್’ ಏರಿಕೆ ಎಂದು ಬರೆಯುವುದು ತಪ್ಪು. ಅದು ಸುಮಾರು 11 ‘ಪರ್ಸೆಂಟೇಜ್ ಪಾಯಿಂಟ್’ ಏರಿಕೆ, ಅಂದರೆ ಎರಡು ಶೇಕಡಾ ಪ್ರಮಾಣಗಳ ನೇರ ವ್ಯತ್ಯಾಸ. ಮೂಲ ಪ್ರಮಾಣಕ್ಕೆ ಹೋಲಿಸಿ ಲೆಕ್ಕ ಹಾಕಿದರೆ ಏರಿಕೆ ಶೇ 20ರ ಸಮೀಪವಾಗುತ್ತದೆ. ಪತ್ರಿಕೆಗಳೂ ಎಡವುವ ಜಾಗವಿದು.

ಕೋಷ್ಟಕದಲ್ಲಿ ಒಂದೇ ವರ್ಷದ ಮಾಹಿತಿ ಇದ್ದಾಗ ‘ರೋಸ್’, ‘ಫೆಲ್’ ಎಂಬ ಕ್ರಿಯಾಪದಗಳಿಗೆ ಅಲ್ಲಿ ಕೆಲಸವೇ ಇರುವುದಿಲ್ಲ. ‘ಟ್ವೈಸ್ ಆ್ಯಸ್ ಮೆನಿ ಆ್ಯಸ್’, ‘ವೇರ್‌ಆ್ಯಸ್’ ಮುಂತಾದ ಪ್ರಯೋಗಗಳು ಬೇಕಾಗುತ್ತವೆ.

ಸಾಕ್ಷರತೆ ಏಕೆ ಹೆಚ್ಚಿತು ಎಂದು ವಿವರಿಸುವ ಆಸೆ ಸಹಜವಾದರೂ, ಕೊಟ್ಟ ಮಾಹಿತಿಯಲ್ಲಿ ಇಲ್ಲದ ಕಾರಣಗಳಿಗೆ ಇಲ್ಲಿ ಜಾಗವಿಲ್ಲ. ವಾದ, ಅಭಿಪ್ರಾಯಗಳೆಲ್ಲ ಎರಡನೆಯ ಬರವಣಿಗೆಯಾದ ಪ್ರಬಂಧಕ್ಕೆ ಸೇರಿದವು. ಅದಕ್ಕೆ ಮೊದಲನೆಯದರ ಎರಡರಷ್ಟು ತೂಕವಿರುವುದರಿಂದ, ಅದಕ್ಕೆಂದು ಇರುವ 40 ನಿಮಿಷಗಳನ್ನು ಕೋಷ್ಟಕಕ್ಕೆ ಬಿಟ್ಟುಕೊಡಬಾರದು.